ಘಾಟು ಬರದ ಮೆಣಸಿನಕಾಯಿ

ನಮ್ಮತ್ತೆ ಯಾವುದನ್ನೂ ಚೆನ್ನಾಗಿದೆ ಅಂದವರಲ್ಲ. ಕಿರುಗಾವಲಿನಿಂದ ಮದುವೆಯಾಗಿ ಮಂಡ್ಯದ ಗುತ್ತಲಿಗೆ ಬಂದ ಮೇಲೆ ಅವರಿಂದ ನನಗೆ ಸಿಕ್ಕ ಅತಿ ದೊಡ್ಡ ಬಿರುದು ‘ತಿನ್ಬೋದು’. ಮುದ್ದೆ ಗಂಟಿಲ್ಲದೆ ನುಣ್ಣಗಿರಲಿ, ಬಸ್ಸಾರು ಬೀದಿಗೆಲ್ಲ ಘಮ್ಮೆನ್ನಲಿ, ತಿನ್ಬೋದು ಅಷ್ಟೆ. ಹಾಗಾಗಿ ಹೋದ ಬೇಸಿಗೆಯಲ್ಲಿ ವರ್ಷದ ಸಾರಿನ ಪುಡಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿಯವರೆಗೆ ಆ ಪುಡಿಯ ಬಾಣಲೆಯನ್ನು ಅವರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈ ಸಲ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಹೊಗೆ, ಘಾಟಿನ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಒಂದೇ ಒಂದು ಸಲ ಅವರ ಬಾಯಿಂದ ‘ಚೆನ್ನಾಗದೆ’ ಅನ್ನಿಸಲೇಬೇಕು ಅಂತ ನನಗೆ ಹಟ.

ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮುಂದಿನ ಜಗಲಿಯಲ್ಲಿ ಕೂತರು. ನಾನು ಹಿತ್ತಲಿನ ಒಲೆ ಮುಂದೆ. ನಡುವೆ ಇಡೀ ಮನೆಯಿದ್ದರೂ ಅವರ ದನಿಗೆ ಅದು ಲೆಕ್ಕವಲ್ಲ.

‘ದನಿಯಾ ಸೀದೋದಾತು ಕಣಮ್ಮಿ, ಕೈ ಬುಡಬ್ಯಾಡ!’

‘ಇಲ್ಲ ಅತ್ತೆ!’

‘ಮೆಂತ್ಯ ಕರ್ರಗಾದ್ರೆ ವರ್ಸ ಪೂರ್ತಿ ಕಯಿ ತಿನ್ಬೇಕಾಯ್ತದೆ!’

ಆಮೇಲೆ ಮೆಣಸಿನಕಾಯಿ. ನಮ್ಮಲ್ಲಿ ಖಾರಕ್ಕೆ ಗುಂಟೂರು, ಬಣ್ಣಕ್ಕೆ ಬ್ಯಾಡಗಿ, ಎರಡೂ ಸಮಪಾಲು. ನನ್ನ ಗಂಡ ಪೇಟೆಯಿಂದ ಎರಡು ಚೀಲ ತಂದಿಟ್ಟು ಕೆಲಸಕ್ಕೆ ಹೋಗಿದ್ದರು. ನಾನು ಒಂದು ಚೀಲ ಬಿಚ್ಚಿ ಕುಕ್ಕೆಗೆ ಸುರಿದು, ಬಾಣಲೆ ತುಂಬ ಹಾಕಿ ಹುರಿಯತೊಡಗಿದೆ. ಸಂಭ್ರಮದಲ್ಲಿ ಯಾವ ಚೀಲ, ಏನು ಎತ್ತ ಅಂತ ನೋಡುವ ವ್ಯವಧಾನ ಯಾರಿಗಿತ್ತು!

ಈ ಮನೆಯಲ್ಲಿ ಮೆಣಸಿನಕಾಯಿ ಹುರಿಯುವ ದಿನ ಬೀದಿಗೆಲ್ಲ ಗೊತ್ತಾಗುತ್ತದೆ. ಪಕ್ಕದ ಮನೆಯಾಕೆ ಕೆಮ್ಮಿಕೊಂಡೇ ಶಾಪ ಹಾಕುತ್ತಾಳೆ. ಅವತ್ತು ಆಕೆ ಗೋಡೆಯಾಚೆ ಹಾಡು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು.

‘ಮೆಣಸಿನ್ಕಾಯಿ ಆಕ್ದಾ?’ ಜಗಲಿಯಿಂದ ಕೂಗು.

‘ಆಗ್ಲೇ ಗರಿಗರಿ ಆಯ್ತು ಅತ್ತೆ!’

‘ಗಾಟೇ ಬರ್ನಿಲ್ವಲ್ಲಮ್ಮಿ!’ ಈ ಸಲದ ದನಿಯಲ್ಲಿ ಗಾಬರಿಯಿತ್ತು.

ನಮ್ಮ ಕಡೆ ದೃಷ್ಟಿ ತೆಗೆಯುವಾಗ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತೇವೆ. ಘಾಟು ಎದ್ದರೆ ಏನೂ ಇಲ್ಲ. ಏಳಲಿಲ್ಲವೋ, ಕೆಟ್ಟ ಕಣ್ಣು ಬಿದ್ದದ್ದು ಖಂಡಿತ. ಒಂದು ಹಿಡಿ ಮೆಣಸಿನಕಾಯಿಗೇ ಆ ಲೆಕ್ಕವಾದರೆ ಬಾಣಲೆಗಟ್ಟಲೆ ಹುರಿದರೂ ಘಾಟಿಲ್ಲದ ಮನೆಯ ಗತಿ ಏನು?

ಡಾಕ್ಟರ ಮಾತು ಗಾಳಿಗೆ ಹೋಯಿತು. ಅತ್ತೆ ಗೋಡೆ ತಡವಿಕೊಂಡು ಹಿತ್ತಲಿಗೆ ಬಂದೇಬಿಟ್ಟರು, ಹಿಂದೆಯೇ ಮಾವ. ಕುಕ್ಕೆಯಿಂದ ಒಂದು ಹಿಡಿ ಮೆಣಸಿನಕಾಯಿ, ಜೊತೆಗೆ ಉಪ್ಪು ತೆಗೆದುಕೊಂಡು ನನಗೆ ನೀವಾಳಿಸಿ ಒಲೆಗೆ ಎಸೆದರು. ಮೂವರೂ ಮೂಗು ಮುಚ್ಚಿಕೊಂಡು ಕಾದೆವು. ಏನೂ ಇಲ್ಲ. ಪಾಪ, ಮಾವ ಬೇಕೆಂದೇ ಒಂದು ಸಲ ಕೆಮ್ಮಿದರು.

‘ನಾಟ್ಕ ಆಡ್ಬ್ಯಾಡಿ, ಸುಮ್ಕಿರಿ,’ ಅಂದರು ಅತ್ತೆ.

ಮಾವನಿಗೆ ನೀವಾಳಿಸಿದರು, ಘಾಟಿಲ್ಲ. ಸ್ಕೂಟರಿಗೆ, ಇಲ್ಲ. ಹೋದ ವಾರ ಕೆಟ್ಟಿದ್ದ ಮಿಕ್ಸಿಗೆ, ಒಣಗುತ್ತಿದ್ದ ಕರಿಬೇವಿನ ಗಿಡಕ್ಕೆ, ಯಾವುದಕ್ಕೂ ಇಲ್ಲ. ಮಿಕ್ಸಿಗೆ ಉಪ್ಪು ನೀವಾಳಿಸುವುದನ್ನು ನೋಡಿ ನನಗೆ ನಗು ಒತ್ತರಿಸಿ ಬಂದು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

‘ಯಾರ್ ಕಣ್ಣು ಬಿತ್ತು?’ ಅಂತ ಮಾವ ಕೇಳಿದರು.

‘ಇನ್ಯಾರ್ದು, ಬೀದಿಯವ್ರದು! ಚಿನ್ನದಂತಾ ಸೊಸೆ ಸಿಕ್ಕವ್ಳೆ ನಂಗೆ. ನನ್ ಸಾರ್ಗಿಂತ ಅವ್ಳ ಸಾರೇ ಚೆನ್ನಾಗಿರ್ತದೆ. ನೋಡಿ ಒಟ್ಟೆ ಉರ್ಕತಾವ್ರೆ. ನಾಳೀಕೆ ಓಗಿ ತಡೆ ಒಡಿಸ್ಕಂಡ್ ಬರಾನ.’

ಚೆನ್ನಾಗಿರ್ತದೆ! ಎದೆಯೊಳಗೆ ತಮಟೆ ಬಡಿಯಿತು. ಸಂತೋಷ ತಡೆಯಲಾರದೆ, ಕೈಗೇನಾದರೂ ಕೆಲಸ ಬೇಕಲ್ಲ ಅಂತ ಎರಡನೇ ಚೀಲ ಬಿಚ್ಚಿದೆ. ಬಿಚ್ಚಿದವಳು ಹಾಗೇ ನಿಂತೆ. ಗುಂಟೂರಿನ ಸಿಪ್ಪೆ ನುಣುಪು. ಇದು ಸುಕ್ಕು ಸುಕ್ಕು. ಕುಕ್ಕೆಯಲ್ಲಿದ್ದದ್ದೂ ಅದೇ ಸುಕ್ಕು. ಪುಣ್ಯಾತ್ಮ ಬಣ್ಣಕ್ಕೆ ಮರುಳಾಗಿ ಎರಡೂ ಚೀಲ ಬ್ಯಾಡಗಿಯನ್ನೇ ತಂದಿದ್ದರು.

ಹೇಳಿದರೆ ದೃಷ್ಟಿ ಸುಳ್ಳು. ದೃಷ್ಟಿ ಸುಳ್ಳಾದರೆ ಚಿನ್ನದಂಥ ಸೊಸೆಯೂ ಸುಳ್ಳು. ಹೇಳದೆ ಹೋದರೆ ನಾಳೆ ದೃಷ್ಟಿ ಕಳೆಯಲು ತಡೆ ಒಡೆಯುವವನ ಮುಂದೆ ಮಿಕ್ಸಿಯ ಸಮೇತ ಕೂರಬೇಕು. ಸುಮ್ಮನಿದ್ದುಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಅತ್ತೆ ಇನ್ನೊಂದು ಹಿಡಿ ತೆಗೆದುಕೊಂಡು ನೀರಿನ ಮೋಟರಿನ ಕಡೆ ಹೊರಟರು. ತುರುಕಿದ್ದ ಸೆರಗು ಬಾಯಿಂದ ಜಾರಿತು.

‘ಅತ್ತೆ, ದಿಷ್ಟೀನೂ ಇಲ್ಲ, ಗಿಷ್ಟೀನೂ ಇಲ್ಲ! ಎರಡ್ ಚೀಲನೂ ಬ್ಯಾಡಗೀನೇ!’

ನಾನು ನಗುತ್ತ ನೆಲಕ್ಕೆ ಕೂತೆ. ಮಾವ ಒರಳುಕಲ್ಲಿನ ಮೇಲೆ ಕುಸಿದು, ಈ ಸಲ ನಿಜವಾಗಿಯೇ ಕೆಮ್ಮಿದರು. ಅತ್ತೆ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಒಂದು ಮೆಣಸಿನಕಾಯಿ ಮುರಿದು, ಬಾಯಿಗೆ ಹಾಕಿ, ನಿಧಾನವಾಗಿ ಅಗಿದರು. ನನ್ನ ನಗು ತಾನಾಗಿಯೇ ಇಳಿಯಿತು.

‘ಸಪ್ಪೆ,’ ಅಂತ ಉಗಿದರು. ‘ನನ್ ಮಗಂಗೆ ಉಟ್ಟಿದಾಗ್ಲಿಂದ್ಲೂ ಬುದ್ಧಿ ಇಲ್ಲ.’

‘ಅಂಗಾರೆ ಅತ್ತೆ,’ ನಾನು ಮೆಲ್ಲಗೆ ಕೇಳಿದೆ, ‘ಆಗ ನನ್ ಸಾರಿನ ಬಗ್ಗೆ ಯೋಳುದ್ರಲ್ಲ, ಅದು?’

ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು.

‘ತಪ್ಪಾಗಿರಾದು ಮೆಣಸಿನ್ಕಾಯಿ. ಅದ್ನ ಬದ್ಲಾಯ್ಸು. ಆಡಿದ್ ಮಾತ್ನ ಯಾಕ್ ಬದ್ಲಾಯ್ಸಾನ?’

‘ಇನ್ನೊಂದ್ ಸಲ ಯೋಳಿ ಅತ್ತೆ.’

‘ಓಗಮ್ಮಿ ಅತ್ಲಾಗೆ, ಒಲೆ ಆರೋಯ್ತಾ ಅದೆ!’