ಸುಗರಾಬಿಯ ಹೆಸರಿಗೆ ಬರೆದ ಔಷಧಿ

ಡಿಮೆನ್ಶಿಯಾ ಹುಚ್ಚಲ್ಲ. ಅದು ಮಿದುಳಿನ ಕಾಯಿಲೆ. ಬಿಪಿ, ಸಕ್ಕರೆ ಕಾಯಿಲೆ ಬಂದವರನ್ನು ನೋಡಿ ನಾವು ನಗುವುದಿಲ್ಲ. ಮರೆವಿನ ಕಾಯಿಲೆ ಬಂದವರನ್ನು ನೋಡಿ ನಗುತ್ತೇವೆ, ಮೊಬೈಲ್ ತೆಗೆದು ವಿಡಿಯೊ ಮಾಡುತ್ತೇವೆ. ವಿಜಯಪುರದ ಇಬ್ರಾಹಿಂಪುರ ಓಣಿಯ ಸುಗರಾಬಿ ಎಂಟು ತಿಂಗಳು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತದ್ದು ಈ ನಗೆಗೆ ಹೆದರಿ.

ಆಕೆಯ ಗಂಡ ಇಸ್ಮಾಯಿಲ ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ತು ವರ್ಷ ಟಿಕೋಟಾ, ಕಳ್ಳಕವಟಗಿ ಕಡೆಯ ಬಸ್ಸಿನಲ್ಲಿ ನಿಂತೇ ದುಡಿದ. ನಿವೃತ್ತನಾದ ಆರನೇ ವರ್ಷಕ್ಕೆ ಹೆಸರುಗಳು ಬಾಯಿಗೆ ಬಾರದಾದವು, ಆಮೇಲೆ ಮನೆಯ ದಾರಿಯೂ ತಪ್ಪತೊಡಗಿತು. ಒಂದು ದಿನ ಹೊರಗೆ ಹೋದವನು ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ರಿಪೇರಿಗೆ ನಿಂತಿದ್ದ ಬಸ್ಸು ಹತ್ತಿ, “ಟಿಕೋಟಾ, ಟಿಕೋಟಾ, ಯಾರ್ರಿ ಟಿಕೋಟಾ” ಎಂದು ಕೂಗುತ್ತ ನಿಂತಿದ್ದ. ಅಲ್ಲಿ ನೆರೆದವರಲ್ಲಿ ಒಬ್ಬನಾದರೂ ಕೈ ಹಿಡಿದು ಇಳಿಸಲಿಲ್ಲ. ವಿಡಿಯೊ ಮಾಡಿದರು. ಸಂಜೆಯೊಳಗೆ ಅದು ಓಣಿಯ ಎಲ್ಲ ಫೋನುಗಳಲ್ಲಿತ್ತು. ಮರುದಿನದಿಂದ ಬಾಗಿಲು ಮುಚ್ಚಿತು.

ಬಬಲೇಶ್ವರಕ್ಕೆ ಕೊಟ್ಟ ಮಗಳು ಮಿನಾಜ ಆಗ ತುಂಬು ಬಸುರಿ. ಹೆರಿಗೆಗೆ ಬರುತ್ತೇನೆ ಎಂದವಳಿಗೆ ಸುಗರಾಬಿಯೇ ಬೇಡವೆಂದಳು. ಯಾಕೆಂದು ಹೇಳಲಿಲ್ಲ. ಮಗಳು ಮುನಿಸಿಕೊಂಡಳು. ಹೆಣ್ಣು ಕೂಸು ಹುಟ್ಟಿ ಏಳು ತಿಂಗಳಾದರೂ ಅಜ್ಜಿ ಅದನ್ನು ಫೋನಿನಲ್ಲಿ ಕಂಡದ್ದು ಬಿಟ್ಟರೆ ಎತ್ತಿಕೊಂಡಿರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ, ಅಷ್ಟೇ. ಆದರೆ ಈತನನ್ನು ಯಾರ ಬಳಿ ಬಿಟ್ಟು ಹೋಗುವುದು?

ಇಸ್ಮಾಯಿಲನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬರೆಯುವ ಡಾಕ್ಟರು ಒಮ್ಮೆ ಆತನನ್ನು ಮಾತಾಡಿಸಿ ನೋಡಿ, ನೆನಪಿನ ಪರೀಕ್ಷೆ ಮಾಡಿಸಿ ಎಂದು ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ಪಕ್ಕದ ಮನೆಯ ಪರಸವ್ವ ಗೋಡೆಯಾಚೆಯಿಂದಲೇ ತಿಳಿವಳಿಕೆ ಹೇಳಿದಳು: “ಅದರಾಗ ಫೇಲಾದ್ರ ಹುಚ್ಚ ಅಂತ ಬರದ ಕೊಡ್ತಾರಂತ ಬೇ ಸುಗರಾ. ಹುಷಾರ್!”

ಸುಗರಾಬಿ ಅದನ್ನು ನಂಬಿದಳು. ಸಾಲಿ ಮಕ್ಕಳಿಗೆ ಮಗ್ಗಿ ಹೇಳಿಸುವಂತೆ ಗಂಡನಿಗೆ ಪಾಠ ಶುರುಮಾಡಿದಳು. ಪರೀಕ್ಷೆ ಬುಧವಾರವಿತ್ತು.

“ಇವತ್ತ ಯಾವ ವಾರ್ರಿ?”

“ನೀನ ಹೇಳ.”

“ಬುಧವಾರ ಅನ್ರಿ.”

“ಬುಧವಾರ. ಮುಂದ ಸರೀರಿ, ಬಾಗಲಾ ಬಿಡ್ರಿ.”

ವಾರ, ಊರು, ಆಸ್ಪತ್ರೆಯ ಎರಡನೇ ಮಹಡಿ ಎಂದು ಎಂಟು ದಿನ ಬಿಡದೆ ಹೇಳಿಸಿದ ಮೇಲೆ ಪಾಠ ಬಾಯಿಗೆ ಕೂತಿತು. ಬುಧವಾರ ಆಸ್ಪತ್ರೆಗೆ ಹೋದರೆ ಪರೀಕ್ಷೆ ಮಾಡುವವರು ರಜೆ. ಶುಕ್ರವಾರ ಬನ್ನಿ ಎಂದರು. ಕಲಿಸಿದ್ದನ್ನು ಮರೆಸಲು ಸುಗರಾಬಿಗೆ ಎರಡು ದಿನ ಸಾಲಲಿಲ್ಲ.

ಶುಕ್ರವಾರ ಕೆಳಮಹಡಿಯ ಸಣ್ಣ ಕೋಣೆಯಲ್ಲಿ ಐಶ್ವರ್ಯ ಎಂಬ ಮನಶ್ಶಾಸ್ತ್ರಜ್ಞೆ ಕೂತಿದ್ದಳು. ಇದ್ದವು ಎರಡೇ ಕುರ್ಚಿ. ಇಸ್ಮಾಯಿಲ ಕೂತ, ಸುಗರಾಬಿ ಗೋಡೆಗೊರಗಿ ನಿಂತಳು.

“ಆರಾಮದೀರಿ, ಚಾಚಾ?”

“ಬುಧವಾರ,” ಎಂದ ಇಸ್ಮಾಯಿಲ ಖಡಕ್ಕಾಗಿ. “ವಿಜಯಪುರ. ಎರಡನೇ ಮಹಡಿ.”

ಸುಗರಾಬಿ ಜೋರಾಗಿ ಕೆಮ್ಮಿದಳು.

“ಅಮ್ಮಾರ, ಕೆಮ್ಮ ಎಷ್ಟ ದಿನದಿಂದ ಐತ್ರಿ?”

“ಈಗ ಬಂತ್ರೀ.”

ಐಶ್ವರ್ಯ ನಕ್ಕಳು. ಗ್ಯಾರೇಜಿನವರ ನಗೆಯಲ್ಲ ಅದು. “ಇದ ಸಾಲಿ ಪರೀಕ್ಷಾ ಅಲ್ರಿ. ಇಲ್ಲೆ ಪಾಸಿಲ್ಲ, ಫೇಲಿಲ್ಲ. ಚಾಚಾ ಎಲ್ಲೆಲ್ಲಿ ಎಡವತಾರ ಅಂತ ನಾ ನೋಡಬೇಕು. ಅಲ್ಲೇ ಕೈ ಹಿಡೀಬೇಕಲ್ರಿ? ನೀವ ಅದನ್ನ ಮುಚ್ಚಿಟ್ರ ನಾ ಏನ್ ಮಾಡ್ಲಿ?”

ಮತ್ತೆ ಮೊದಲಿಂದ ನಡೆಯಿತು. ಬೇವು, ಚಾವಿ, ಹಾಲು, ಈ ಮೂರು ಮಾತು ನೆನಪಿಡಿ ಎಂದಳು. ಐದು ನಿಮಿಷಕ್ಕೆ ಮೂರೂ ಹೋಗಿದ್ದವು. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಅಂಕಿಗಳೆಲ್ಲ ಒಂದೇ ಬದಿಗೆ ಬಿದ್ದವು, ಸಂತೆಯ ದಿನ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಜನರ ಹಾಗೆ. ಕೆಲಸದ ಬಗ್ಗೆ ಕೇಳಿದಾಗ ಮಾತ್ರ ಆತನ ಬೆನ್ನು ನೆಟ್ಟಗಾಯಿತು. “ತೊರವಿ, ಟಿಕೋಟಾ, ಕಳ್ಳಕವಟಗಿ,” ಎಂದ. ಹಾಗನ್ನುತ್ತ ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಗೋಡೆಗೊರಗಿದ್ದ ಹೆಂಡತಿಯ ಮೇಲೆ ಕಣ್ಣು ನಿಲ್ಲಿಸಿದ.

“ಇವರು ಯಾರ್ರಿ, ಚಾಚಾ?”

ಬಹಳ ಹೊತ್ತು ನೋಡಿದ. ಹೆಸರು ಸಿಗಲಿಲ್ಲ. “ಯಾರರೆ ಇರ್ಲಿ, ಅಕ್ಕಾರಿಗೆ ಜಾಗಾ ಬಿಡ್ರಿ,” ಎಂದ. “ಭಾಳ ಹೊತ್ತಾತು ನಿಂತಾರ. ಕಾಲ್ ನೋಯ್ತಿರಬೇಕು.”

ಐಶ್ವರ್ಯ ತಟ್ಟನೆ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಸುಗರಾಬಿ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

“ನೀವ ಹ್ಯಾಂಗದೀರ್ರಿ?” ಎಂದು ಐಶ್ವರ್ಯ ಕೇಳಿದಳು. ಎಂಟು ತಿಂಗಳಲ್ಲಿ ಯಾರೂ ಕೇಳದಿದ್ದ ಮಾತು. ಸರಿಯಾಗಿ ನಿದ್ದೆ ಇದೆಯೇ, ಹೊತ್ತಿಗೆ ಉಣ್ಣುತ್ತೀರಾ, ಆತನ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದದ್ದುಂಟೇ ಎಂದೂ ಕೇಳಿದಳು. ಬಂದದ್ದುಂಟು. ಸುಗರಾಬಿ ಅದನ್ನೂ ಹೇಳಿದಳು. ಹೇಳಿದ ಮೇಲೆ ಯಾರೂ ಬೈಯಲಿಲ್ಲ.

“ತಪ್ಪ ತಿದ್ದಾಕ ಹೋಗಬ್ಯಾಡ್ರಿ. ಬಸ್ಸಿಗೆ ಹೊತ್ತಾತು ಅಂದ್ರ, ಯಾವ ಬಸ್ಸು ಅಂತ ಕೇಳ್ರಿ. ಕಿಸೇದಾಗ ನಿಮ್ಮ ಫೋನ್ ನಂಬರ ಬರದ ಇಡ್ರಿ. ಮಗಳಿಗೆ ಇವತ್ತ ಎಲ್ಲಾ ಹೇಳ್ರಿ.” ಇಸ್ಮಾಯಿಲನನ್ನು ಡಾಕ್ಟರಿಗೆ ತೋರಿಸಲು ಒಂದು ಚೀಟಿ ಬರೆದು, ಐಶ್ವರ್ಯ ಇನ್ನೊಂದು ಚೀಟಿ ಎಳೆದುಕೊಂಡಳು. ಮೇಲೆ ಸುಗರಾಬಿಯ ಹೆಸರು. ಕೆಳಗೆ: ವಾರಕ್ಕೊಮ್ಮೆ ಅರ್ಧ ದಿನ ಬಿಡುವು. ತಪ್ಪಿಸಬಾರದು.

ಓದಿಸಿ ಕೇಳಿಕೊಂಡ ಸುಗರಾಬಿಗೆ ಅಳುವಿನಲ್ಲೇ ನಗೆ ಬಂತು. “ಈ ಗುಳಗಿ ಯಾವ ಅಂಗಡ್ಯಾಗ ಸಿಗತೈತ್ರಿ, ಬಾಯಾರ?”

“ನಿಮ್ಮ ಓಣ್ಯಾಗ. ಕೇಳ್ರಿ.”

ಮಗಳಿಗೆ ಅಂದೇ ಫೋನು ಮಾಡಿ ಎಲ್ಲ ಹೇಳಿದಳು. ಓಣಿಯಲ್ಲಿ ಕೇಳುವುದು ಮಾತ್ರ ಪರೀಕ್ಷೆಗಿಂತ ಕಷ್ಟವಾಯಿತು. ನಾಲ್ಕು ದಿನ ಚೀಟಿ ಸೆರಗಿನ ಗಂಟಿನಲ್ಲೇ ಇತ್ತು. ಐದನೆಯ ದಿನ ಚಿಲಕ ತೆಗೆದು ಹೋಗಿ ಪರಸವ್ವನ ಕೈಗಿಟ್ಟಳು. ಪರಸವ್ವ ಓದಿ, ಚೀಟಿ ತಿರುವಿ ಹಿಂಬದಿಯನ್ನೂ ನೋಡಿ, “ಹುಚ್ಚ ಅಂತ ಎಲ್ಲೂ ಬರದಿಲ್ಲಲ್ಲ ಬೇ,” ಎಂದಳು. “ನನ್ನ ಬಾಯಿಗೆ ಬೆಂಕಿ ಹಾಕ. ಗುರುವಾರ ನಾ ಕೂಡತೇನಿ, ಹೋಗ ನೀ.”

ಗುರುವಾರ ಬಂದು ಕೂತಳು.

“ಯಾವೂರ್ರಿ?” ಎಂದ ಇಸ್ಮಾಯಿಲ.

“ಟಿಕೋಟಾ ಒಂದ ಕೊಡ್ರಿ, ಅಣ್ಣಾರ.”

ಆತ ಹಳೆಯ ಕ್ಯಾಲೆಂಡರಿನ ಮೂಲೆ ಹರಿದು ಕೊಟ್ಟ. “ಹಿಂದ ಜಾಗಾ ಐತಿ, ಆರಾಮ ಕೂಡ್ರಿ.”

ಬಬಲೇಶ್ವರದಲ್ಲಿ ಕೂಸು ಅಜ್ಜಿಯ ಮುಖ ನೋಡಿ ಕಿಟಾರನೆ ಕಿರುಚಿತು. ಮಿನಾಜ ಗಾಬರಿಯಾದಳು. ಸುಗರಾಬಿ ಬಿಡದೆ ಎತ್ತಿಕೊಂಡಳು. “ನಿನಗೂ ನನ್ನ ಗುರ್ತ ಇಲ್ಲೇನ, ಯವ್ವಾ? ಇರ್ಲಿ ಬಿಡ. ನಾ ಯಾರು ಅಂತ ಮೊದಲಿಂದ ಹೇಳತೇನಿ ಬಾ.”

ಪರಸವ್ವನ ಪಾಲಿಗೆ ಗುರುವಾರ. ವಾರದಲ್ಲಿ ಇನ್ನೂ ಆರು ದಿನ ಉಳಿದಿವೆ. ನಿಮ್ಮ ಓಣಿಯಲ್ಲೂ ಇಂಥದೊಂದು ಚಿಲಕ ಹಾಕಿದ ಬಾಗಿಲಿದೆ, ಯಾವುದೆಂದು ನಿಮಗೆ ಗೊತ್ತು. ಫೋನಿನಲ್ಲಿ ಅಂಥ ವಿಡಿಯೊ ಇದ್ದರೆ ಈಗಲೇ ಅಳಿಸಿ. ಆಮೇಲೆ ಹೋಗಿ ಆ ಬಾಗಿಲು ತಟ್ಟಿ. ಹಣ್ಣು ಒಯ್ಯಬೇಡಿ, ಬುದ್ಧಿ ಹೇಳಬೇಡಿ. “ನೀವು ಹೋಗಿ ಬರ್ರಿ, ನಾ ಕೂಡತೇನಿ” ಅನ್ನಿ. ಅಂದ ಮೇಲೆ, ಆಕೆ ತಿರುಗಿ ಬರುವ ತನಕ ಅಲ್ಲೇ ಕೂತಿರಿ.