ಕಂಪ್ಯೂಟರಿನ ಮೇಲಿಟ್ಟ ತಾಟು

ಹಾರ್ಡ್ ಡಿಸ್ಕ್ ಸತ್ತಿರಬಹುದು. ಸತ್ತಿಲ್ಲವೆಂದರೆ ಅದಕ್ಕೆ ಹೋಗುವ ವೈರನ್ನು ಇಲಿ ಕಡಿದಿರಬಹುದು. ರಾತ್ರಿಯೆಲ್ಲ ಕರೆಂಟು ಹೋಗಿ ಬಂದು ಆಟವಾಡಿದ್ದಕ್ಕೆ ಪವರ್ ಸಪ್ಲೈ ಅರ್ಧ ಸುಟ್ಟಿರಬಹುದು. ವಾಸನೆಯೇನೂ ಬರುತ್ತಿರಲಿಲ್ಲ, ಆದರೆ ಅಂದು ನನಗೆ ನೆಗಡಿಯಾಗಿತ್ತು. ರ‍್ಯಾಮಿಗೆ ಧೂಳು ಹಿಡಿದಿರಬಹುದು. ಮದರ್ ಬೋರ್ಡಿನ ಗುಂಡಿ ಸೆಲ್ಲು ಖಾಲಿಯಾಗಿ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗಿರಬಹುದು. ಯಾರೋ ಪ್ರಿಂಟಿಗೆಂದು ತಂದ ಆಧಾರ್ ಕಾರ್ಡಿನ ಫೈಲಿನ ಜೊತೆ ವೈರಸ್ ಬಂದಿರಬಹುದು. ಹೋದ ಚಳಿಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಒಂದು ಹಲ್ಲಿ ಒಳಗೆ ಹೊಕ್ಕಿತ್ತು, ಈಗ ಅದರ ಬಳಗ ಬಂದಿರಬಹುದು. ದೃಷ್ಟಿಯೂ ತಾಗಿರಬಹುದು. "ಇಷ್ಟು ಹಳೇದಾದ್ರೂ ಹೆಂಗ ನಡಸ್ತೀರ್ರಿ ಇದನ್ನ?" ಎಂದು ಹಿಂದಿನ ವಾರವಷ್ಟೇ ಒಬ್ಬರು ಹೊಗಳಿ ಹೋಗಿದ್ದರು.

ಇಷ್ಟೆಲ್ಲ ಯೋಚಿಸಲು ನನಗೆ ಒಂದು ಎಲೆ ಮಡಿಚಿ ಬಾಯಿಗಿಡುವಷ್ಟು ಹೊತ್ತೂ ಬೇಕಾಗಲಿಲ್ಲ. ಕೇಡು ಊಹಿಸುವುದರಲ್ಲಿ ನಾನು ಯಾವ ಕಂಪ್ಯೂಟರಿಗಿಂತಲೂ ಚುರುಕು.

ಹಾನಗಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಗ್ನಪತ್ರಿಕೆ ಜೋಡಿಸಿಕೊಡುವ ಅಂಗಡಿ ನನ್ನದು. ಅಂಗಡಿ ಎಂದರೆ ಒಂದು ಹೊರಸಿನಷ್ಟು ಅಗಲ. ಒಳಮೂಲೆಯಲ್ಲಿ ನನ್ನ ಕುರ್ಚಿ, ಮುಂದೆ ಮೇಜು, ಮೇಜಿನ ಪಕ್ಕಕ್ಕೆ ಬೆಂಚು. ಬೆಂಚಿನಲ್ಲಿ ಗಿರಾಕಿ ಕೂತರೆ ಅವರು ಏಳುವವರೆಗೆ ನಾನು ಹೊರಗೆ ಬರುವಂತಿಲ್ಲ. ಅಂದು ಕೂತಿದ್ದವರು ಆಡೂರಿನ ಕಡೆಯ ಇಬ್ಬರು: ಮದುಮಗಳ ತಂದೆ ಮತ್ತು ಅವರ ಅಕ್ಕ. ಅಕ್ಕ ಎಂದರೆ ಆ ಮನೆಯ ಮೂವರು ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಮೊಣಕಾಲು ನೋವಿನಿಂದ ಕಾಲು ನೀಡಿ ಬಾಗಿಲಿಗೆ ಅಡ್ಡ ಕೂತಿದ್ದರು.

ನಮ್ಮ ಕಡೆ ಮೊದಲ ಪತ್ರಿಕೆ ಮನೆದೇವರಿಗೆ. ಉಳಿದವು ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದರೂ ಆ ಒಂದನ್ನು ನನ್ನ ಪ್ರಿಂಟರಿನಲ್ಲೇ ತೆಗೆದು, ಅರಿಶಿನ ಹಚ್ಚಿ ಒಯ್ಯುತ್ತಾರೆ. ಅಂದು ಮಧ್ಯಾಹ್ನಕ್ಕೆ ಅಮಾವಾಸ್ಯೆ ಹತ್ತುವುದಿತ್ತು. ಅಷ್ಟರೊಳಗೆ ಪತ್ರಿಕೆ ಹೊರಬರಬೇಕು.

ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಪತ್ರಿಕೆಯ ಕೆಳಗೆ ಬರುವ ಹೆಸರುಗಳ ಬಗ್ಗೆ ಮದುಮಗಳ ದೊಡ್ಡಪ್ಪನಿಗೂ ಕಕ್ಕನಿಗೂ ಜಗಳ ಹತ್ತಿ, ಇಬ್ಬರೂ ಲಗ್ನಕ್ಕೇ ಬರುವುದಿಲ್ಲ ಎನ್ನುವ ತನಕ ಹೋಗಿತ್ತು. ಹಿಂದಿನ ದಿನ ಇದೇ ಬೆಂಚಿನ ಮೇಲೆ ಕೂತು ರಾಜಿಯಾಗಿದ್ದರು: ಇಬ್ಬರದೂ ಒಂದೇ ಸಾಲು, ಒಂದೇ ಗಾತ್ರದ ಅಕ್ಷರ, ದೊಡ್ಡಪ್ಪ ಎಡಕ್ಕೆ, ಕಕ್ಕ ಬಲಕ್ಕೆ, ಆದರೆ ಕಕ್ಕನ ಹೆಸರಿನ ಕೆಳಗೆ 'ಮಾಜಿ ಸದಸ್ಯರು, ಗ್ರಾಮ ಪಂಚಾಯತಿ'. ಪರದೆ ನೋಡಿ ಇಬ್ಬರೂ ತಲೆಯಾಡಿಸಿದ್ದರು. ಕಾಗದದ ಮೇಲೆ ತೆಗೆದಿರಲಿಲ್ಲ. ಎರಡು ಕಡೆ ಕಾಪಿ ಇಟ್ಟುಕೊಳ್ಳಿರಿ ಎಂದು ಊರಿಗೆಲ್ಲ ಹೇಳುವ ನಾನು ಒಂದೇ ಕಡೆ ಇಟ್ಟಿದ್ದೆ.

ಆ ಒಂದೇ ಕಡೆ ಈಗ ಕಪ್ಪಗೆ ನಿಂತಿತ್ತು. ಕಪ್ಪಿನ ಮೇಲೆ ಬಿಳಿಯ ಇಂಗ್ಲಿಷ್ ಸಾಲು. ಆರಿಸಿ ಹಚ್ಚಿದರೆ ಮತ್ತೆ ಅದೇ ಸಾಲು.

"ಏನ ಅಂತೈತ್ರಿ ಅದು?" ಎಂದರು ಅಕ್ಕ.

"ಡಿಸ್ಕ್ ಸಿಗವಲ್ದು ಅಂತೈತ್ರಿ, ಅವ್ವಾರ."

"ಎಲ್ಲಿ ಹೋಗ್ತೈತಿ? ನಾ ಬಾಗಲದಾಗ ಕುಂತೇನಿ. ನನ್ನ ದಾಟಿ ಯಾರೂ ಹೊರಗ ಹೋಗಿಲ್ಲ."

ಅದಂತೂ ನಿಜ. ನಾನೂ ಹೋಗುವಂತಿರಲಿಲ್ಲ.

ಮದುಮಗಳ ತಂದೆ ಏನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಬರದದ್ದು ಹೋತೇನ್ರಿ?" ಎಂದರು. "ಮತ್ತ ಆ ಇಬ್ಬರನ್ನೂ ಕೂಡ್ಸಿ ಬರಸೂದು ನನ್ನ ಕಡಿಂದ ಆಗೂದಿಲ್ರಿ. ಈಗ ಕೇಳಿದ್ರ ಅಂವ ಒಂದು ಹೇಳ್ತಾನ, ಇಂವ ಒಂದು ಹೇಳ್ತಾನ. ಬೀಗರು ಚಿಕ್ಕೇರೂರಿನವರು, ನೋಡಿ ನಗ್ತಾರ."

"ಹೋಗಿಲ್ರಿ, ಹೋಗಿಲ್ಲ," ಎಂದೆ. ಹೋಗಿದೆ ಎಂದು ನನಗೆ ಖಾತ್ರಿಯಾಗಿದ್ದಾಗ ನಾನು ಎರಡು ಸಲ ಹೇಳುತ್ತೇನೆ.

ಶಿಗ್ಗಾಂವಿಯಲ್ಲಿ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಫೋನು ಹಚ್ಚಿದೆ. ಎಲ್ಲ ರೋಗಕ್ಕೂ ಅವರದು ಒಂದೇ ಮದ್ದು: "ಡಬ್ಬಿ ಬಿಚ್ರಿ, ರ‍್ಯಾಮ್ ತಗದು ರಬ್ಬರ್‌ಲೆ ತಿಕ್ರಿ. ಆಗಲಿಲ್ಲಂದ್ರ ಬಸ್ಸಿಗೆ ಹಾಕಿ ಕಳಸ್ರಿ, ನಾಳೆ ನೋಡೂಣು."

ನಾಳೆ ಎಂಬುದು ಅಮಾವಾಸ್ಯೆಯ ಆಚೆಗಿತ್ತು. ಡಬ್ಬಿ ಬಿಚ್ಚೋಣವೆಂದರೆ ಅದರ ನೆತ್ತಿಯ ಮೇಲೆ ಅಕ್ಕ ಬಂದ ಕೂಡಲೇ ಇಟ್ಟಿದ್ದ ಪೂಜೆಯ ತಾಟು: ತೆಂಗಿನಕಾಯಿ, ವಿಭೂತಿ ಗಟ್ಟಿ, ಅರಿಶಿನ, ಸವಣೂರಿನ ವೀಳ್ಯದೆಲೆ. ಮೆಲ್ಲಗೆ ಕೈ ಚಾಚಿದೆ.

"ಹಾಂ, ಹಾಂ! ದೇವರ ಹೆಸರಿಲೆ ಇಟ್ಟದ್ದು. ಪತ್ರಿಕಿ ಬರೂತನಕ ಎತ್ತಂಗಿಲ್ಲ."

"ಎತ್ತದ ಇದ್ರ ಪತ್ರಿಕಿ ಬರೂದಿಲ್ರಿ, ಅವ್ವಾರ."

"ಬರೂದಿಲ್ಲಂದ್ರ? ಕುಂದರ್ತೇನಿ ನಾ. ನನಗೇನ್ ಅವಸರ ಐತಿ?"

ಅವಸರ ಅಮಾವಾಸ್ಯೆಗಿತ್ತು. ತಾಟು ಎತ್ತದೆ ಡಬ್ಬಿ ಬಿಚ್ಚುವಂತಿಲ್ಲ, ಡಬ್ಬಿ ಬಿಚ್ಚದೆ ಪತ್ರಿಕೆ ಇಲ್ಲ, ಪತ್ರಿಕೆ ಬಾರದೆ ತಾಟು ಎತ್ತುವಂತಿಲ್ಲ, ಅಕ್ಕ ಏಳದೆ ನಾನು ಓಡಿಹೋಗುವಂತಿಲ್ಲ. ಮತ್ತೆ ಬಟನ್ ಒತ್ತಿದೆ. ಅದೇ ಬಿಳಿ ಸಾಲು. ಕೀಬೋರ್ಡನ್ನು ಮಗುಚಿ ಬಡಿದೆ, ಚುರುಮುರಿ ಉದುರಿತು. ಮಾನಿಟರಿನ ಬೆನ್ನು ಸವರಿದೆ. ಬೆನ್ನಿಗೂ ಡಿಸ್ಕಿಗೂ ಸಂಬಂಧವಿಲ್ಲವೆಂದು ಗೊತ್ತು, ಆದರೆ ನೋಡುವವರೆದುರು ಏನಾದರೂ ಮಾಡುತ್ತಿರಬೇಕಲ್ಲ.

"ಹಿಂದಿನ ವೈರು ಸಡಿಲಾಗಿದ್ರ?" ಎಂದೆ, ಯಾರಿಗೂ ಅಲ್ಲ ಎಂಬಂತೆ.

ತಂದೆ ಎದ್ದರು. "ಅಕ್ಕಾ, ತಾಟು ಎತ್ತೂದಿಲ್ಲ. ತಾಟು ಇದ್ದಂಗಽ ಡಬ್ಬಿ ತಿರಗಸ್ತೇವಿ. ನಡೀತೈತಲ್ಲ?"

ಅಕ್ಕ ಸ್ವಲ್ಪ ಯೋಚಿಸಿದರು. ಇದಕ್ಕೆ ಶಾಸ್ತ್ರದಲ್ಲಿ ಅಡ್ಡಿ ಕಾಣಲಿಲ್ಲವೇನೋ. "ಕಾಯಿ ಬಿದ್ದೀತು, ಹಗೂರಕ," ಎಂದು ತಾವೇ ಒಂದು ಕೈ ಮುಂದಕ್ಕೆ ಚಾಚಿ ಕಾಯಿಯನ್ನು ಹಿಡಿದುಕೊಂಡರು. ನಾವಿಬ್ಬರೂ ಪಲ್ಲಕ್ಕಿ ತಿರುಗಿಸುವವರಂತೆ ಉಸಿರು ಬಿಗಿಹಿಡಿದು ಡಬ್ಬಿಯ ಬೆನ್ನನ್ನು ಈ ಕಡೆ ಮಾಡಿದೆವು. ವೈರುಗಳ ಮೇಲೆ ಬೂದು ಧೂಳು, ಜೇಡರ ಬಲೆ. ನಡುವೆ ಒಂದು ತೂತಿನಲ್ಲಿ ಇರಬಾರದ ಒಂದು ಚೂರು ಕಂಡಿತು. ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಟನ್ ಒತ್ತಿದೆ.

ಬಿಳಿ ಸಾಲು ಬರಲಿಲ್ಲ. ಯಂತ್ರ ಮುಲುಗುಟ್ಟಿತು, ಪರದೆ ನೀಲಿಯಾಯಿತು, ಫೈಲು ತೆರೆಯಿತು. ತಂದೆ ಪರದೆಗೆ ಬೆರಳು ತಾಗಿಸಿ ಓದಿದರು: ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ, ಕೆಳಗೆ ಮಾಜಿ ಸದಸ್ಯರು. ಆಮೇಲೆ ಟೋಪಿ ಹಾಕಿಕೊಂಡರು. ಪ್ರಿಂಟರು ಪತ್ರಿಕೆಯನ್ನು ಹೊರಗೆ ನೂಕಿತು. ಅಕ್ಕ ಅದಕ್ಕೆ ಅರಿಶಿನ ಹಚ್ಚುತ್ತ, "ಏನಾಗಿತ್ರಿ ಅದಕ್ಕ?" ಎಂದು ಕೇಳಿದರು.

ಉತ್ತರಕ್ಕೆ ಇಲಿ, ಹಲ್ಲಿ, ಸೆಲ್ಲು, ವೈರಸ್ಸು ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಮುಷ್ಟಿ ಬಿಚ್ಚಿದೆ. ಉಗುರಿನಷ್ಟು ಪೆನ್ ಡ್ರೈವ್. ನಿನ್ನೆ ರಾಜಿಯಾದ ಖುಷಿಗೆ ದೊಡ್ಡಪ್ಪ ಟ್ರ್ಯಾಕ್ಟರಿಗೆಂದು ಹಾಡು ತುಂಬಿಸಿಕೊಳ್ಳಲು ಕೊಟ್ಟು, ಒಯ್ಯಲು ಮರೆತದ್ದು. ಮುಂದಿನ ತೂತು ಸಡಿಲವೆಂದು ಹಿಂದೆ ಸಿಕ್ಕಿಸಿದವನು ನಾನೇ. ಹಚ್ಚಿದ ಕೂಡಲೇ ಮೊದಲು ಪೆನ್ ಡ್ರೈವ್ ನೋಡಬೇಕು ಎಂದು ಯಾವತ್ತೋ ವಿಂಡೋಸ್ ಹಾಕುವಾಗ ಆ ಯಂತ್ರಕ್ಕೆ ಕಲಿಸಿದವನೂ ನಾನೇ. ಪಾಪ, ಬೆಳಗಿನಿಂದ ಅದು ಹಾಡುಗಳೊಳಗೆ ವಿಂಡೋಸನ್ನು ಹುಡುಕುತ್ತಿತ್ತು.

"ಅಯ್ಯ, ಇದು ನಮ್ಮ ದೊಡ್ಡ ತಮ್ಮಂದು!" ಎಂದರು ಅಕ್ಕ. "ಯಾರು ಕದ್ರಿ, ಯಾರು ಕದ್ರಿ ಅಂತ ನಿನ್ನಿಯಿಂದ ಮನಿಮಂದಿ ಮ್ಯಾಲೆಲ್ಲ ಹರಿಹಾಯಾಕತ್ತಾನ."