ಹುಸೇನಸಾಬನ ಉಸಿರು

ಮೊನ್ನೆ ಬಾಗಲಕೋಟಿ ದವಾಖಾನಿಯೊಳಗ ನರ್ಸಬಾಯಿ ನನ್ನ ಬಾಯಿಗೆ ರಬ್ಬರಿನ ನಳಿಗಿ ಹಿಡಿದು, ‘ಜೋರ್ ಊದ್ರಿ ಅಜ್ಜಾರ’ ಅಂದಳು. ನಾ ಊದಲಿಲ್ಲ. ಆ ರಬ್ಬರಿನ ವಾಸನಿ ಮೂಗಿಗೆ ಬಡದದ್ದ ತಡ, ಇಳಕಲ್ಲಿನ ಪತ್ರಾದ ಶೆಡ್ಡು ಕಣ್ಣಮುಂದ ಬಂತು.

ನಿಮಗ ಮೊದಲ ಹೇಳಿಬಿಡ್ತೇನಿ, ನಂದು ಹುಟ್ಟಾ ಸಂಶಯದ ಜೀವ. ಕೆರೂರ ಸಂತ್ಯಾಗ ಬದನಿಕಾಯಿ ಮುರದು ನೋಡಿ ಬೈಸಿಕೊಳ್ಳಾಂವ. ಎಪ್ಪತ್ತರ ದಶಕದ ಕೊನಿಗೆ ಡಿಗ್ರಿ ಮುಗಿಸಿ ಖಾಲಿ ಕುಂತಾಗ ಯುನಿವರ್ಸಿಟಿಯ ನೌಕರಿಯೊಂದು ಬಂತು. ಇಳಕಲ್ಲಿನ ಖಣಿ ಮಂದಿಯ ಎದಿಯೊಳಗ ಕಲ್ಲಿನ ಧೂಳು ಏನು ಮಾಡೇತಿ ಅಂತ ತಪಾಸಣಿ ಮಾಡೋ ಡಾಕ್ಟರಬಾಯಾರ ಕೈಕೆಳಗ ಸಹಾಯಕ. ಊದೋ ಯಂತ್ರ ಹೊರೋದು, ಮುಳ್ಳು ಎಲ್ಲಿಗೆ ಹೋತು ಹೇಳೋದು, ಇಷ್ಟ. ‘ಉಸರು ಅಳಿಯಾಕ ಪಗಾರ ಕೊಡ್ತಾರಂತ? ಯಾರರ ನಿನಗ ಟೋಪಿ ಹಾಕ್ಯಾರ ನೋಡು’ ಅಂದಳು ಅವ್ವ. ನಮ್ಮ ಸಂಶಯ ಮನೆತನದ್ದು ಬಿಡ್ರಿ.

ಎದಿ ಕೆಟ್ಟವರನ್ನ ಧೂಳಿನಿಂದ ಬಿಡಿಸಿ, ನೀರು ಬಿಟ್ಟು ಕಲ್ಲು ಉಜ್ಜೋ ಪಾಲಿಶ್ ಶೆಡ್ಡಿಗೆ ಹಾಕಸಬೇಕು ಅನ್ನೋದು ಬಾಯಾರ ಹಟ. ಆದ್ರ ಊದಿ ಸೋತಾಂವನ್ನ ಮಾಲೀಕ ಮನಿಗೆ ಕಳಸ್ತಾನ ಅಂತ ಖಣಿಯೊಳಗ ಸುದ್ದಿ ಹಬ್ಬಿತ್ತು.

ಕಲ್ಲಿಗೆ ತೂತು ಕೊರೆಯೋ ಹುಸೇನಸಾಬ ಹೆಜ್ಜಿಗೊಮ್ಮೆ ನಿಂತು ಕೆಮ್ಮಾಂವ. ಅಂಥಾಂವ ಊದಿದಾಗ ಮುಳ್ಳು ಕೊನೀತನಕ ಓಡಿತು! ನನಗ ಅಲ್ಲೇ ಸಂಶಯ ಬಡೀತು. ಖಣಿ ಮಂದಿ ಧೂಳಿಗೆ ಕಣ್ಣಷ್ಟ ಬಿಟ್ಟು ಮಾರಿಗೆಲ್ಲಾ ವಸ್ತ್ರ ಸುತ್ತಿರತಾರ. ಊದುವಾಗ ಬಾಯಿ ಹತ್ರ ಅಷ್ಟ ಸರಸ್ತಾರ. ‘ಇನ್ನೊಮ್ಮೆ ಊದು’ ಅಂದೆ. ಕಣ್ಣು ಮುಚ್ಚಿ ಊದಿದ. ನೋಡ್ತೇನಿ, ಅವನ ಬೆರಳು ನಳಿಗಿ ಮ್ಯಾಲ ಕುಣಿಯಾಕ ಹತ್ಯಾವ! ವಸ್ತ್ರ ಜಗ್ಗಿದೆ. ಲಗ್ನದ ಮನಿಯೊಳಗ ಸನಾದಿ ಊದೋ ಯಲ್ಲಪ್ಪ!

ಹೊರಗ ನಿಂತಿದ್ದ ಖರೇ ಹುಸೇನಸಾಬ ಕೆಮ್ಮಿಕೋತ ನಮ್ಮ ಪತ್ರಾದ ಶೆಡ್ಡಿನೊಳಗ ಬಂದ. ‘ನಾವು ಸಣ್ಣಂದಿನ ದೋಸ್ತರ್ರಿ ಬಾಯಾರ. ಅವನ ಹತ್ರ ಉಸರು ಭಾಳ ಐತಿ, ನನ್ನ ಹತ್ರ ಇಲ್ಲ. ಕೆಲಸ ಹೋದ್ರ ಮನ್ಯಾಗ ಒಲಿ ಹತ್ತಂಗಿಲ್ಲ’ ಅಂದ. ಬಾಯಾರು ನಗಲಿಲ್ಲ. ‘ಹೋಗಂಗಿಲ್ಲ, ನಾ ಮಾತಾಡ್ತೇನಿ’ ಅಂದು ಅವತ್ತ ಮಾಲೀಕರ ಕಡೆ ಹೋದರು. ಜೋಡಿ ನಾನೂ ಹೋದೆ. ಮಾಲೀಕರು ಏಲಕ್ಕಿ ಚಹಾ ಕುಡಿಸಿ, ‘ಆತು ಬಾಯಾರ, ನೀವು ಹೇಳಿದಂಗ’ ಅಂದರು. ಬದನಿಕಾಯಿ ಮ್ಯಾಲ ಬರೋ ಸಂಶಯ ಆ ಚಹಾದ ಮ್ಯಾಲ ನನಗ ಬರಲಿಲ್ಲ ನೋಡ್ರಿ.

ಮರುದಿನ ಹುಸೇನಸಾಬ ತಾನ ಊದಿದ. ಮುಳ್ಳು ಒಂದೀಟು ಅಲುಗಿತು, ಅಷ್ಟ. ಮುಂದಿನ ವಾರ ಅವನ ಜಾಗಾದಾಗ ಬ್ಯಾರೆ ಆಳು. ‘ಪಾಪ, ಎದಿ ಸುಧಾರಿಸಲಿ ಅಂತ ಮನಿಗೆ ಕಳಿಸೀವ್ರಿ’ ಅಂದರು ಮಾಲೀಕರು. ಬಾಯಾರು ಜಗಳಾಡಿದರು, ಏನೂ ಆಗಲಿಲ್ಲ.

ಅಲ್ಲಿಂದ ಮುಂದ ಆ ಖಣಿಯೊಳಗ ಎಲ್ಲಾರ ಉಸರೂ ಭಾಳ ಚಲೋ ಆತು. ಒಬ್ಬರ ಹಿಂದ ಒಬ್ಬರು ವಸ್ತ್ರ ಸುತ್ತಿಕೊಂಡು ಬಂದು ಊದಿದರು. ಎಲ್ಲಾರ ಬೆರಳೂ ನಳಿಗಿ ಮ್ಯಾಲ ಕುಣೀತಿದ್ದವು. ಧೂಳೂ ಅಲ್ಲೇ ಇತ್ತು, ಅವರೂ ಅಲ್ಲೇ ಇದ್ದರು. ನಾ ಬಾಯಾರ ಮಾರಿ ನೋಡಿದೆ. ಅವರು ಕಿಟಕಿ ಹೊರಗ ನೋಡಿಕೋತ, ‘ಮುಂದಿನವರನ್ನ ಕರೀರಿ’ ಅಂದರು.

‘ಊದ್ರಿ ಅಜ್ಜಾರ, ಹೆದರಿಕಿ ಯಾಕ?’ ಅಂದಳು ನರ್ಸಬಾಯಿ. ಬಾಗಿಲದಾಗ ನನ್ನ ಮಗ ನಿಂತಿದ್ದ. ನಾ ಒಬ್ಬನ ಗುಡ್ಡ ಹತ್ತಿ ಮಹಾಕೂಟದ ಗುಡಿಗೆ ಹೋಗೋದನ್ನ ಬಂದ್ ಮಾಡಸಬೇಕಂತ ವಾರದಿಂದ ಹಟ ಹಿಡದಾಂವ. ನಳಿಗಿ ಸರಿಸಿ ಮೆಲ್ಲಕ ಕೇಳಿದೆ:

‘ತಂಗೀ, ನನ್ನ ಉಸರು ಎಷ್ಟೈತಿ ಅನ್ನೋದನ್ನ ನೀ ನನಗ ಹೇಳ್ತಿಯೋ, ಅವನಿಗೆ ಹೇಳ್ತಿಯೋ?’